ಹಾರೋರು ಒಡೆದದ್ದು, ನಾನು ಬರೆದದ್ದು

ನಾಲ್ಕಾಣೆ. ಒಂದು ಹೊಸ ಕಾರ್ಬನ್ ಹಾಳೆಗೆ ಆಗ ಕಡೂರಿನ ಪೇಟೆಯಲ್ಲಿ ಅಷ್ಟು ಕೊಡಬೇಕಿತ್ತು. ಆ ನಾಲ್ಕಾಣೆ ಉಳಿಸಲು ಹೋಗಿ ಚೌಳಹಿರಿಯೂರಿನ ರುದ್ರಮ್ಮನ ಹಿಟ್ಟಿನ ಗಿರಣಿ ಕಳೆದೆ. ಗಿರಣಿ ಎಂದರೆ ಒಂದು ಡೀಸೆಲ್ ಎಂಜಿನ್ನು, ಎರಡು ಬೀಸುವ ಕಲ್ಲು, ಹೆಂಚು ಹೊದಿಸಿದ ಒಂದು ಕೋಣೆ, ಮತ್ತು ಅದರ ಸದ್ದು ಕೇಳಿ ರಾಗಿ ಹೊತ್ತು ಬರುತ್ತಿದ್ದ ಸುತ್ತಲಿನ ಹಳ್ಳಿಗಳು. ಗಿರಣಿಯನ್ನು ಒಡೆದವನು ನಾನಲ್ಲ. ಒಡೆದವನು ಆಕಾಶದಿಂದ ಬಂದ, ಒಡೆದು ಆಕಾಶಕ್ಕೇ ಹೋದ. ಆದರೆ ಒಡೆದದ್ದನ್ನು ಮತ್ತೆ ಎಬ್ಬಿಸಿ ನಿಲ್ಲಿಸಬಹುದಾದ ಕಾಗದ ನನ್ನ ಕೈಯಲ್ಲಿತ್ತು.

ಹಾರೋರು ಮಾಡಿದ ನಷ್ಟವನ್ನು ಎಣಿಸಿ ಬರೆಯುವ ನಮ್ಮ ಹಾನಿ ಕಚೇರಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದು, ‘ಸಾರ್, ನೀವು ಹಾರೋರನ್ನ ಹತ್ತಿರದಿಂದ ನೋಡಿದೀರಂತೆ’ ಎಂದು ಕಣ್ಣರಳಿಸುತ್ತಾರೆ. ನೋಡಿದ್ದೇನೆ. ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನಮ್ಮ ಕೆಲಸ ಶುರುವಾಗುವುದು ಅವರು ಹೋದ ಮೇಲೆ.

ನಮ್ಮ ಸೀಮೆಯಲ್ಲಿ ಹಾರೋರ ಕಾಳಗಗಳು ನಡೆದದ್ದು ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ದಶಕದ ಕೊನೆಯವರೆಗೆ; ಈಗ ಬೇರೆ ಸೀಮೆಗಳಲ್ಲಿ ನಡೆಯುತ್ತವೆ. ಇಬ್ಬರು ಇದ್ದರು. ಹಾರಬಲ್ಲವರು, ಬಂಡೆ ಎತ್ತಬಲ್ಲವರು. ಕಚೇರಿಯ ಕಾಗದದಲ್ಲಿ ‘ಅಸಾಮಾನ್ಯ ವ್ಯಕ್ತಿಗಳು’, ಜನರ ಬಾಯಲ್ಲಿ ಹಾರೋರು. ಒಬ್ಬ ಹೆಗಲಿಗೆ ನೀಲಿ ವಲ್ಲಿ ಹೊದ್ದವನು. ಅವನು ಒಳ್ಳೆಯವನು, ನಮ್ಮವನು. ಇನ್ನೊಬ್ಬನದು ಮೈಯೆಲ್ಲ ಕಬ್ಬಿಣ. ಅವನಿಗೆ ಲಕ್ಕವಳ್ಳಿಯ ಅಣೆಕಟ್ಟು ಒಡೆಯಬೇಕೆಂಬ ಹಟ. ಅವನು ಅಣೆಕಟ್ಟಿನ ಮೇಲೆ ಎರಗುವ ಹೊತ್ತಿಗೆ ನೀಲಿವಲ್ಲಿಯವನು ಬಂದು, ಕಾಲು ಹಿಡಿದು ಎಳೆದುಕೊಂಡು, ತರೀಕೆರೆ ದಾಟಿಸಿ, ಅಜ್ಜಂಪುರ ದಾಟಿಸಿ, ಈ ಕಡೆಯ ಬಯಲಿಗೆ ತಂದು ಬಡಿಯುತ್ತಿದ್ದ. ಅದನ್ನು ದೂರದೃಷ್ಟಿ ಎಂದು ಪತ್ರಿಕೆಗಳು ಹೊಗಳಿದವು. ಕಾಳಗವನ್ನು ಜನರಿಲ್ಲದ ಕಡೆಗೆ ಒಯ್ದನಂತೆ. ಆ ಜನರಿಲ್ಲದ ಕಡೆಯ ಜನ ನಾವು.

ನಾನು ಆಗ ಕಡೂರಿನ ಬಸ್‌ಸ್ಟ್ಯಾಂಡಿನ ಪಕ್ಕ ತಗಡಿನ ಟ್ರಂಕನ್ನೇ ಮೇಜು ಮಾಡಿಕೊಂಡು ಅರ್ಜಿ ಬರೆಯುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ. ಆದರೆ ಯಾವ ಕಚೇರಿಗೆ ಯಾವ ಪದ ಹಿಡಿಸುತ್ತದೆ ಎಂಬುದು ಮೂಗಿಗೇ ಗೊತ್ತಾಗುತ್ತಿತ್ತು. ಹಾನಿ ಕಚೇರಿ ತೆರೆದಾಗ ಅಲ್ಲಿಗೆ ಬಂದ ಸಾಹೇಬರಿಗೆ ಪಂಚನಾಮೆ ಬರೆಯುವ ಒಬ್ಬ ಬೇಕಾಗಿತ್ತು. ಕರೆಸಿದರು.

“ಹಳ್ಳಿ ಹಳ್ಳಿ ತಿರುಗಬೇಕು ಕಣ್ರೀ. ಆಗುತ್ತಾ?”

“ಸೈಕಲ್ ಕೊಟ್ರೆ ಆಗುತ್ತೆ ಸಾರ್.”

“ಸೈಕಲ್ ಮಂಜೂರಾಗಿಲ್ಲ.”

“ಹಂಗಾದ್ರೆ ಹಾರೋರಿಗೇ ಹೇಳಿ ಸಾರ್, ಹೋಗ್ತಾ ನನ್ನೂ ಎತ್ಕೊಂಡು ಹೋಗ್ಲಿ.”

ಸೈಕಲ್ ಬಂತು. ಕೆಲಸ ಮಾತ್ರ ಹಂಗಾಮಿ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಕಾಶದಿಂದ ಬಿದ್ದವರು ಮಾಡಿದ ನಷ್ಟಕ್ಕೆಂದು ಅಚ್ಚಾದ ಫಾರಂ ಇರಲಿಲ್ಲ. ನೆರೆ ಬಂದಾಗ ತುಂಬುವ ಹಳೆಯ ಫಾರಂಗಳನ್ನೇ ಒಂದು ಗಂಟು ತಂದು ನನ್ನ ಮುಂದೆ ಹಾಕಿದರು. ಅದರಲ್ಲಿ ‘ನೀರು ಎಷ್ಟು ಅಡಿ ಏರಿತ್ತು’ ಎಂಬ ಕಾಲಂ. ನಮ್ಮ ಬಯಲಲ್ಲಿ ನೀರೆಲ್ಲಿಂದ ಏರಬೇಕು? ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಬರೆದೆ. ಅಷ್ಟೂ ಫೈಲು ವಾಪಸು ಬಂದವು. ನೀರು ಇಲ್ಲದಿದ್ದರೆ ಹಾನಿ ಹೇಗಾಯಿತು ಎಂದು ಮೇಲಿನ ಕಚೇರಿ ಕೇಳಿತ್ತು. ‘ಇಲ್ಲ’ ಹೊಡೆದು ‘ಅನ್ವಯಿಸುವುದಿಲ್ಲ’ ಎಂದು ಬರೆದು ಅವೇ ಫೈಲು ಕಳಿಸಿದೆ. ಒಂದೂ ವಾಪಸು ಬರಲಿಲ್ಲ. ಈ ಕೆಲಸದಲ್ಲಿ ಬಿದ್ದ ಗೋಡೆಗಿಂತ ಬರೆದ ಪದ ಭಾರ ಎಂದು ಅವತ್ತೇ ಕಲಿಯಬೇಕಿತ್ತು. ನಾನು ಕಲಿತದ್ದು ಜಾಣತನವನ್ನು ಮಾತ್ರ.

ಪಂಚನಹಳ್ಳಿಯಲ್ಲಿ ಒಂದು ಕಾಳಗದ ಮಾರನೆಯ ದಿನ ಮರಿಯಪ್ಪ ಎಂಬ ರೈತನ ತೆಂಗಿನ ತೋಟಕ್ಕೆ ಹೋದೆ. ನೀಲಿವಲ್ಲಿಯವನು ಮರಗಳನ್ನು ಬುಡಸಮೇತ ಕಿತ್ತು ಕಬ್ಬಿಣದವನಿಗೆ ಬಾರಿಸಿದ್ದ.

“ಅರವತ್ತು ಮರ ಕಣಪ್ಪ ಹಾಲಪ್ಪ, ಬರ್ಕೋ,” ಅಂದ ಮರಿಯಪ್ಪ.

“ಬರ್ಕೋತೀನಿ ಮರಿಯಪ್ಪಣ್ಣ. ಬುಡ ತೋರ್ಸು.”

“ಬುಡ ಎಲ್ಲೈತೋ? ಕಿತ್ಕೊಂಡಲ್ವಾ ಹೊಡ್ದಿದ್ದು!”

“ಗುಂಡಿ ತೋರ್ಸು ಹಂಗಾದ್ರೆ. ಗುಂಡೀನೂ ಕಿತ್ಕೊಂಡು ಹೋದ್ನಾ?”

ಸುತ್ತ ನಿಂತವರು ನಕ್ಕರು. ಮರಿಯಪ್ಪನೂ ನಕ್ಕ. ಗುಂಡಿ ಎಣಿಸಿದೆವು, ಇಪ್ಪತ್ತೆರಡು. ಅಷ್ಟೇ ಬರೆದೆ. ಸಾಹೇಬರು ಬೆನ್ನು ತಟ್ಟಿದರು; ಅಂದಿನಿಂದ ಕಚೇರಿಯಲ್ಲಿ ಗುಂಡಿ ಎಣಿಸುವುದೇ ಪದ್ಧತಿಯಾಯಿತು. ಹೋದ ಮರಗಳು ನಿಜವಾಗಿ ಮೂವತ್ತಾರು ಎಂದು ಗೊತ್ತಾದದ್ದು ವರ್ಷವಾದ ಮೇಲೆ. ದನ ಬಿದ್ದು ಕಾಲು ಮುರಿದುಕೊಂಡಾವೆಂದು ಮರಿಯಪ್ಪ ಬೆಳಿಗ್ಗೆಯೇ ಹದಿನಾಲ್ಕು ಗುಂಡಿ ಮುಚ್ಚಿದ್ದನಂತೆ. ಅವನು ಅರವತ್ತು ಅಂದದ್ದು ಸುಳ್ಳು, ನಾನು ಇಪ್ಪತ್ತೆರಡು ಬರೆದದ್ದೂ ಸುಳ್ಳು. ನನ್ನ ಸುಳ್ಳಿಗೆ ಮೊಹರು ಇತ್ತು, ಅಷ್ಟೇ.

ಈಗ ಕಾರ್ಬನ್ ವಿಷಯ. ಪ್ರತಿ ಪಂಚನಾಮೆಗೂ ಮೂರು ಪ್ರತಿ. ಮೇಲಿನದು ನಮ್ಮ ಕಚೇರಿಯ ಕಡತಕ್ಕೆ, ಎರಡನೆಯದು ನಷ್ಟವಾದವರಿಗೆ, ಮೂರನೆಯದು ಪರಿಹಾರ ಮಂಜೂರು ಮಾಡುವ ಮೇಲಿನ ಕಚೇರಿಗೆ. ಯಾರು ತೀರ್ಮಾನ ಮಾಡಬೇಕೋ ಅವರಿಗೆ ಎಲ್ಲಕ್ಕಿಂತ ಮಸುಕಾದ ಪ್ರತಿ. ಸಾಹೇಬರಿಗೆ ಕಾರ್ಬನ್ ಉಳಿಸುವ ಹುಚ್ಚು. ‘ಹಾಲಪ್ಪ, ಒಂದು ಹಾಳೇಲಿ ಎಷ್ಟು ತೆಗೀತೀರಿ?’ ಎಂದು ವಾರಕ್ಕೊಮ್ಮೆ ಕೇಳುವರು. ನಾನು ಹಾಳೆಯನ್ನು ತಿರುಗಿಸಿ, ಮಗುಚಿ, ಬಿಸಿಲಿಗೆ ಹಿಡಿದು, ಅದರ ಮೂಲಕ ಬೆಳಕು ಕಾಣುವವರೆಗೆ ಬಿಡುತ್ತಿರಲಿಲ್ಲ. ಇದರಲ್ಲಿ ನನಗೆ ಹೆಮ್ಮೆ ಬೇರೆ.

ಚೌಳಹಿರಿಯೂರಿಗೆ ನಾನು ಹೋದದ್ದು ಕಾಳಗವಾದ ಮೂರನೆಯ ದಿನ. ಕಾಳಗದ ದಿನ ಮಧ್ಯಾಹ್ನ ನೀಲಿವಲ್ಲಿಯವನು ಕಬ್ಬಿಣದವನನ್ನು ಎತ್ತಿ ಎಸೆದಿದ್ದ. ಅವನು ಬಿದ್ದದ್ದು ರುದ್ರಮ್ಮನ ಗಿರಣಿಯ ಮೇಲೆ. ಊಟದ ಹೊತ್ತಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಎಂಜಿನ್ನು ನೆಲದೊಳಗೆ ಹೂತಿತ್ತು, ಕಲ್ಲುಗಳೆರಡೂ ಹೋಳಾಗಿದ್ದವು. ಅವನನ್ನು ಎತ್ತಿಕೊಂಡು ಹೋಗಲು ನೀಲಿವಲ್ಲಿಯವನು ಅಂಗಳದಲ್ಲಿ ಒಂದು ಕಾಲು ಊರಿದ್ದ. ಹೆಜ್ಜೆ ಮೊಳದಾಳ ಇಳಿದಿತ್ತು.

ಆ ಹೆಜ್ಜೆಗೆ ಆಗಲೇ ಅರಿಶಿನ ಕುಂಕುಮ ಬಿದ್ದಿತ್ತು. ಯಾರೋ ಸೇವಂತಿಗೆ ಹಾರ ಹಾಕಿದ್ದರು. ರುದ್ರಮ್ಮ ಮುರಿದ ಹೆಂಚಿನ ರಾಶಿಯ ಮೇಲೆ ಕೂತು ಒಡೆಯದ ಹೆಂಚು ಆರಿಸುತ್ತಿದ್ದರು. ಐವತ್ತರ ಹೆಂಗಸು. ಗಂಡ ತೀರಿಕೊಂಡ ಮೇಲೆ ಎಂಜಿನ್ನು ಸ್ಟಾರ್ಟ್ ಮಾಡುವುದನ್ನೂ ಕಲ್ಲಿಗೆ ಉಳಿಯಲ್ಲಿ ಕಚ್ಚು ಹಾಕುವುದನ್ನೂ ತಾವೇ ಕಲಿತು ನಾಲ್ಕು ವರ್ಷದಿಂದ ಗಿರಣಿ ನಡೆಸುತ್ತಿದ್ದರು. ಕೂದಲಲ್ಲಿ ಇನ್ನೂ ಹಿಟ್ಟಿತ್ತು.

“ಇದೇನ್ ರುದ್ರಕ್ಕ, ಹೂವು?”

“ಪಾದ ಕಣಪ್ಪ. ಪೂಜೆ ಮಾಡ್ತಾವ್ರೆ.”

“ಅಂಗಳ ನಿಂದಲ್ವಾ?”

“ಅಂಗಳ ನಂದು. ಪಾದ ಊರಿಂದಂತೆ.”

ಸೈಕಲ್ಲಿನ ಕ್ಯಾರಿಯರ್ ಮೇಲೆ ರಟ್ಟು ಇಟ್ಟುಕೊಂಡು ಅವರ ಹೇಳಿಕೆ ಬರೆಯತೊಡಗಿದೆ. ಏನಾಯಿತು ಹೇಳಿ ಎಂದೆ.

“ಏನಾಗ್ತದಪ್ಪ. ದೇವ್ರು ಬಂದಂಗೆ ಬಂದ. ಕೆರೆ ಐತೆ, ಬೀಳು ಐತೆ, ಗುಡ್ಡ ಐತೆ. ಎಲ್ಲಾ ಬಿಟ್ಟು ನನ್ ಮಿಲ್ಲಿನ್ ಮ್ಯಾಲೇ ಎತ್ತಾಕ್ದ. ಮಹಾನುಭಾವ.”

ಅದು ಬೈಗುಳ. ಕೇಳಿದವನಿಗೆ ಗೊತ್ತಾಗುತ್ತಿತ್ತು. ಆದರೆ ವ್ಯಂಗ್ಯಕ್ಕೆ ಫಾರಂನಲ್ಲಿ ಕಾಲಂ ಇರಲಿಲ್ಲ. ‘ದೇವರಂತೆ ಬಂದು’ ಎಂದು ಬರೆದುಕೊಂಡೆ. ಕೆರೆ, ಬೀಳು, ಗುಡ್ಡ ಬಿಟ್ಟೆ. ಜಾಗ ಸಾಲದು ಅನ್ನಿಸಿತು.

ಪಂಚನಾಮೆ ಬರೆಯುವಾಗ ನನ್ನ ಹಳೆಯ ಚಾಳಿ ಕೈ ಹಿಡಿಯಿತು. ಅರ್ಜಿ ಬರೆಯುವವನು ಮೊದಲು ಕರುಣೆ ಹುಟ್ಟಿಸಬೇಕು; ವಿಧವೆಯಾದರೆ ಗಂಡನ ಸಾವು ಬರಲೇಬೇಕು. ಸತ್ತ ಎಂದು ಬರೆದರೆ ಮರ್ಯಾದೆಯಲ್ಲ. ಆದ್ದರಿಂದ ಹೀಗೆ ಬರೆದೆ: ‘ಸದರಿ ಗಿರಣಿಯನ್ನು ಇವರ ಗಂಡ ನಡೆಸುತ್ತಿದ್ದು ದೈವಾಧೀನರಾಗಿ ಗಿರಣಿಯು ನಾಶವಾಗಿರುತ್ತದೆ.’ ಗಂಡ ದೈವಾಧೀನರಾಗಿ, ಎಂದರೆ ತೀರಿಕೊಂಡು. ನಮ್ಮ ಕಡೆ ಯಾವ ಅರ್ಜಿ ತೆಗೆದರೂ ಈ ಮಾತು ಇರುತ್ತದೆ. ಅಲ್ಪವಿರಾಮ ಹಾಕುವ ಅಭ್ಯಾಸ ನನಗಿರಲಿಲ್ಲ. ಒಡೆದವನು ಯಾರೆಂದು ಬರೆಯಲೂ ಇಲ್ಲ; ಊರಿಗೆಲ್ಲ ಗೊತ್ತಿದ್ದ ವಿಷಯ. ಕಾರ್ಬನ್ ಆ ತಿಂಗಳ ಕೊನೆಯದು.

ನಾಲ್ಕು ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ ತಿರಸ್ಕಾರ ಬಂತು. ಸಾಹೇಬರು ನನ್ನನ್ನು ಒಳಗೆ ಕರೆದು ಮೂರನೆಯ ಪ್ರತಿಯನ್ನು ಮುಂದೆ ತಳ್ಳಿದರು.

“ಏನ್ರೀ ಇದು, ನೀವೇ ದೈವಾಧೀನವಾಗಿ ಅಂತ ಬರೆದಿದೀರಿ!”

“ವಾಗಿ ಅಲ್ಲ ಸಾರ್, ರಾಗಿ. ದೈವಾಧೀನರಾಗಿ. ಗಂಡ.”

“ಎಲ್ಲಿ ರಾ? ತೋರಿಸಿ.”

ನೋಡಿದೆ. ಮಸುಕು ನೀಲಿಯಲ್ಲಿ ರಕಾರದ ಹೊಟ್ಟೆ ಮುಚ್ಚಿಕೊಂಡು ವಕಾರವಾಗಿತ್ತು. ಒಂದಕ್ಷರ. ಗಿರಣಿ ನಾಶವಾದದ್ದು ದೇವರ ಇಚ್ಛೆಯಿಂದ ಎಂದು ವಾಕ್ಯ ಸಲೀಸಾಗಿ ಓದಿಸಿಕೊಳ್ಳುತ್ತಿತ್ತು. ಹಾರೋರು ಮಾಡಿದ ನಷ್ಟಕ್ಕೆ ನಮ್ಮಲ್ಲಿ ಪರಿಹಾರ. ಸಿಡಿಲು, ಮಳೆ, ದೇವರು ಮಾಡಿದ್ದಕ್ಕೆ ಇಲ್ಲ. ಹೇಳಿಕೆಯಲ್ಲಿ ‘ದೇವರಂತೆ ಬಂದು’ ಎಂದು ಬೇರೆ ಇತ್ತಲ್ಲ, ಅವರಿಗೆ ಅನುಮಾನಕ್ಕೇ ಜಾಗ ಉಳಿದಿರಲಿಲ್ಲ.

ರುದ್ರಮ್ಮನಿಗೆ ಹೋಗಿ ಹೇಳಿದೆ. ಮೇಲಿನವರು ತಪ್ಪು ಓದಿದ್ದಾರೆ ಅಂದೆ.

“ನೀನು ಸರಿ ಬರ್ದಿದೀಯಾ?”

“ಸರಿ ಬರ್ದಿದೀನಿ ಅಕ್ಕ.”

“ಹಂಗಾದ್ರೆ ಸರಿಯಾಗಿ ಓದ್ಸು. ನಂಗೆ ಬ್ಯಾರೆ ಏನೂ ಬ್ಯಾಡ, ಒಂದು ಎಂಜಿನ್ನು ನಿಂತ್ರೆ ಸಾಕು. ಊರೋರು ಈ ಜಾಗ ಪಾದದ ಗುಡಿಗೆ ಕೊಡು ಅಂತ ಕೂತವ್ರೆ. ಮಿಲ್ ತಿರುಗ್ತಾ ಇದ್ರೆ ಯಾವನೂ ಕೇಳಲ್ಲ. ತಿರುಗ್ದೆ ಇದ್ರೆ ಇದು ಬರೀ ಜಾಗ.”

ಅದನ್ನು ನಾನು ಇವತ್ತಿಗೂ ಮರೆತಿಲ್ಲ. ತಿರುಗದೆ ಇದ್ದರೆ ಬರೀ ಜಾಗ.

ಆಗ ನನಗೊಂದು ಉಪಾಯ ಹೊಳೆಯಿತು. ‘ಈ ಗಿರಣಿಯ ಮೇಲೆ ಎಸೆದವನು ನಾನು’ ಎಂದು ನೀಲಿವಲ್ಲಿಯವನೇ ಒಂದು ಸಹಿ ಹಾಕಿಬಿಟ್ಟರೆ? ದೇವರು ಕೆಳಗೆ ಇಳಿದು ಮನುಷ್ಯನಾಗುತ್ತಾನೆ, ಪರಿಹಾರ ತಾನೇ ಬರುತ್ತದೆ. ಅವನಿಗೆ ತರೀಕೆರೆಯಲ್ಲಿ ಸನ್ಮಾನವಿತ್ತು. ಒಂದು ಹಾಳೆಯ ಮೇಲೆ ಒಕ್ಕಣೆ ಅಚ್ಚುಕಟ್ಟಾಗಿ ಬರೆದು, ಕೆಳಗೆ ಸಹಿಗೆ ಜಾಗ ಬಿಟ್ಟು, ರುದ್ರಮ್ಮನನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಜೀವಮಾನವೆಲ್ಲ ಚೌಕಾಸಿ ಮಾಡಿದವನು; ಅವನ ಹತ್ತಿರವೂ ಮಾತಾಡಿ ಕೆಲಸ ಮಾಡಿಸಿಕೊಳ್ಳುತ್ತೇನೆ ಎಂಬ ಧೈರ್ಯ.

ವೇದಿಕೆಯ ಮೆಟ್ಟಿಲ ಹತ್ತಿರ ನೂಕುನುಗ್ಗಲು. ಹೇಗೋ ಮುಂದೆ ತಲುಪಿ ಹಾಳೆ ಚಾಚಿದೆ. ಹತ್ತಿರದಿಂದ ನೋಡಿದರೆ ಸಾಮಾನ್ಯ ಮುಖ. ಕತ್ತಿನಲ್ಲಿ ಏಳೆಂಟು ಹಾರ.

“ಸ್ವಾಮಿ, ಚೌಳಹಿರಿಯೂರು. ಗಿರಣಿ. ನೀವು ಎಸೆದ್ರಲ್ಲ, ಅಲ್ಲಿ…”

“ಚೌಳಹಿರಿಯೂರಾ?” ಅವನು ನಿಜವಾಗಿ ಯೋಚಿಸಿದ. “ಅಲ್ಲಿ ಊರಿದೆಯಾ?”

ಅಷ್ಟು ಹೇಳಿ ನನ್ನ ಹಾಳೆಯನ್ನು ತೆಗೆದುಕೊಂಡ. ಹಿಂದಿನಿಂದ ಇಪ್ಪತ್ತು ಕೈ ಇಪ್ಪತ್ತು ಹಾಳೆ ಚಾಚಿದ್ದವು. ಅವನು ಓದಲಿಲ್ಲ. ಸರಸರ ಬರೆದು ಕೊಟ್ಟು ನಕ್ಕು ಮುಂದೆ ಹೋದ. ನೋಡಿದರೆ, ಒಕ್ಕಣೆಯ ಮೇಲೆಯೇ ಅಡ್ಡಲಾಗಿ ಬರೆದಿದ್ದ: ‘ಶುಭವಾಗಲಿ.’ ಕೆಳಗೆ ಒಂದು ಸುರುಳಿ ಸಹಿ.

ಬಸ್‌ಸ್ಟ್ಯಾಂಡಿನಲ್ಲಿ ರುದ್ರಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದರು. ಆಮೇಲೆ ಮಡಚಿ ನನಗೇ ವಾಪಸು ಕೊಟ್ಟರು.

“ಇದ್ನ ಬೀಸಕ್ಕಾಗ್ತದೇನಪ್ಪ?”

ಆ ಹಾಳೆಯನ್ನು ನಾನು ಸಾಹೇಬರಿಗೆ ತೋರಿಸಿದೆ. ಅವರು ಮೊದಲು ಸಹಿಗೆ ಕೈಮುಗಿದರು. ಅದನ್ನು ಚೌಕಟ್ಟು ಹಾಕಿಸೋಣವೇ ಎಂದೂ ಕೇಳಿದರು.

ಮೊದಲ ಸಾಲಿನಲ್ಲಿ ನಾಲ್ಕಾಣೆ ಎಂದೆ. ಅದು ಪೂರ್ತಿ ನಿಜವಲ್ಲ. ಇಷ್ಟು ದೂರ ಓದಿದ್ದೀರಿ, ಉಳಿದದ್ದನ್ನೂ ಕೇಳಿ. ತಿರಸ್ಕಾರ ಬಂದ ದಿನವೇ ಸಾಹೇಬರು ನನಗೆ ಇನ್ನೊಂದು ದಾರಿ ಹೇಳಿದ್ದರು. ಮೇಲಿನ ಪ್ರತಿ ನಮ್ಮ ಕಡತದಲ್ಲಿತ್ತು. ಅದರಲ್ಲಿ ರಾ ಕನ್ನಡಿಯಷ್ಟು ಸ್ಪಷ್ಟ.

“ಮೂರನೇ ಪ್ರತಿ ನನ್ನ ಅಜಾಗರೂಕತೆಯಿಂದ ಅಸ್ಪಷ್ಟವಾಗಿದೆ ಅಂತ ನೀವು ಒಂದು ಸಾಲು ಬರೆದು ಸಹಿ ಹಾಕಿ. ಮೇಲಿನ ಪ್ರತಿ ಜೊತೆ ನಾನು ಕಳಿಸ್ತೀನಿ. ದೇವರಂತೆ ಅನ್ನೋದನ್ನ ಉಪಮೆ ಅಂತ ಹೇಳಬಹುದು. ಆದರೆ ನಿಮ್ಮ ಕಾಯಂ ಆಗೋ ಫೈಲೂ ಈಗ ಅಲ್ಲೇ ಇದೆ. ಯೋಚನೆ ಮಾಡಿ.”

ಯೋಚನೆ ಮಾಡಿದೆ. ಒಂದು ಸಾಲಿಗೆ ಬದಲು ಬೇರೇನು ಕೊಟ್ಟರೆ ಕೆಲಸ ಆದೀತು ಎಂದು ಯೋಚಿಸಿದೆ. ತರೀಕೆರೆಯ ಉಪಾಯ ಹುಟ್ಟಿದ್ದು ಹಾಗೆ. ರುದ್ರಮ್ಮನಿಗೋಸ್ಕರ ಹಾರೋನ ಮುಂದೆ ನಿಂತೆ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇನೆ. ನಿಂತದ್ದು ನನ್ನ ಒಂದು ಸಾಲು ಉಳಿಸಿಕೊಳ್ಳಲು. ಸಹಿ ಕೇಳಲು ಹೋದವನ ಜೇಬಿನಲ್ಲಿ ಪೆನ್ನು ಇತ್ತು.

ಮೇಲ್ಮನವಿಯ ಗಡುವು ಮುಗಿಯಿತು. ನಾನು ಕಾಯಂ ಆದೆ.

ಅಂಗಳ ಬರೀ ಜಾಗವಾಯಿತು. ಮೊದಲು ಹೆಜ್ಜೆಯ ಸುತ್ತ ಕಟ್ಟೆ ಬಂತು, ಆಮೇಲೆ ಮಾಡು, ಆಮೇಲೆ ಗಂಟೆ. ‘ದೇವರ ಪಾದದ ಜಾಗದಲ್ಲಿ ಮಿಲ್ ಹಾಕ್ತೀಯೇನಮ್ಮ’ ಎಂದು ಊರಿನ ಹಿರಿಯರು ಕೇಳಿದರಂತೆ. ‘ಮಿಲ್ ಇದ್ದ ಜಾಗಕ್ಕೆ ದೇವ್ರು ಬಂದಿದ್ದು ಕಣಪ್ಪ’ ಎಂದರಂತೆ ರುದ್ರಮ್ಮ. ಅದನ್ನು ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಹೋಳಾದ ಬೀಸುವ ಕಲ್ಲುಗಳೇ ಆ ಗುಡಿಯ ಮೆಟ್ಟಿಲಾದವು. ಹಾಕಿದ್ದ ಕಚ್ಚು ಇನ್ನೂ ಇದೆ. ಕಾಲು ಜಾರುವುದಿಲ್ಲ ಎಂದು ಜನ ಮೆಚ್ಚುತ್ತಾರೆ.

ಎಂಬತ್ತರ ದಶಕದಲ್ಲಿ ನಮ್ಮ ಕಚೇರಿಗೆ ಹೊಸ ಫಾರಂ ಬಂತು, ಕ್ಯಾಮೆರಾ ಬಂತು, ಕನ್ನಡದ ಟೈಪ್‌ರೈಟರ್ ಬಂತು. ಇನ್ನು ಅಕ್ಷರದ ತಪ್ಪು ಆಗುವುದಿಲ್ಲ ಎಂದರು. ಫೋಟೋದಲ್ಲಿ ಕಲ್ಲುಮಣ್ಣಿನ ರಾಶಿ ಚೆನ್ನಾಗಿ ಬರುತ್ತಿತ್ತು. ಆ ರಾಶಿ ಮೊದಲು ಏನಾಗಿತ್ತು ಎಂಬುದು ಬರುತ್ತಿರಲಿಲ್ಲ. ಎಲ್ಲ ಊರಿನ ನಷ್ಟವೂ ಒಂದೇ ಥರ ಕಾಣತೊಡಗಿತು. ಮೇಲಿನವರಿಗೆ ಅದರಿಂದ ಅನುಕೂಲವೇ ಆಯಿತು.

ಆ ದಿನಗಳಲ್ಲಿ ಒಮ್ಮೆ ಒಂದು ಪಂಚನಾಮೆ ಮುಗಿಸಿ ಅಜ್ಜಂಪುರದ ಪೇಟೆಯಲ್ಲಿ ಬರುತ್ತಿದ್ದೆ. ಒಂದು ಗಿರಣಿಯಿಂದ ಎಂಜಿನ್ನಿನ ಸದ್ದು. ಬಾಗಿಲಲ್ಲಿ ರಾಗಿಯ ಡಬ್ಬಗಳ ಸಾಲು. ಒಳಗೆ ಬೆಲ್ಟಿನ ಪಕ್ಕ ರುದ್ರಮ್ಮ ನಿಂತಿದ್ದರು. ಗಿರಣಿ ಬೇರೆಯವರದು, ಇವರು ಆಳು. ನೋಡದವನಂತೆ ದಾಟಬಹುದಿತ್ತು. ಕಾಲು ನಿಂತಿತು.

“ಬಾರಪ್ಪ ಹಾಲಪ್ಪ. ಚೆನ್ನಾಗಿದೀಯಾ? ಕಾಯಂ ಆಯ್ತಂತಲ್ಲ.”

“ಆಯ್ತು ರುದ್ರಕ್ಕ.”

ಅವರು ಬಾಯಿಗೆ ಕಟ್ಟಿದ್ದ ಸೆರಗು ಬಿಚ್ಚಿದರು.

“ಒಂದ್ ಕೇಳ್ತೀನಿ, ಹೇಳು. ಆ ಅಕ್ಷರ ರಾನೋ ವಾನೋ?”

“ರಾ ಅಕ್ಕ. ರಾ ಅಂತ್ಲೇ ಬರ್ದಿದ್ದೆ.”

“ಹಂಗಂತ ಒಂದ್ ಚೀಟಿ ಬರ್ಕೊಡಕ್ಕೆ ನಿಂಗೆ ಏನಾಗಿತ್ತು?”

ಯಾರು ಹೇಳಿದರೋ ಗೊತ್ತಿಲ್ಲ. ಯಾರೂ ಹೇಳದೆಯೂ ತಿಳಿದಿರಬಹುದು; ದಡ್ಡ ಹೆಂಗಸಲ್ಲ. ನಾನು ಬಾಗಿಲ ಸಾಲಿನ ಡಬ್ಬಗಳನ್ನು ಎಣಿಸತೊಡಗಿದೆ. ಅವರು ಕಲ್ಲಿನ ಬಾಯಿಗೆ ಕೈಯೊಡ್ಡಿ, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನುಣುಪು ನೋಡಿದರು.

“ದೂರ ನಿಂತ್ಕೋ,” ಅಂದರು. “ಅಂಗಿಗೆ ಹಿಟ್ಟು ಮೆತ್ಕೊಳ್ತದೆ.”

ಆಮೇಲೆ ಅವರನ್ನು ನಾನು ನೋಡಲಿಲ್ಲ.

ಈ ಕೆಲಸಕ್ಕೆ ಬರುವವರೇ, ನಾನು ಹೇಳಬೇಕಾದದ್ದು ಇಷ್ಟು. ಕಾಳಗ ಮುಗಿದ ದಿನವೇ ಹೊರಡಿ. ಕುಂಕುಮ ಬೀಳುವ ಮೊದಲು ಟೇಪು ಬೀಳಬೇಕು. ಒಂದು ಸಲ ಪೂಜೆಯಾದ ಗುಂಡಿಯನ್ನು ಅಳೆಯಲು ಯಾರೂ ಬಿಡುವುದಿಲ್ಲ. ಮರ ಎಣಿಸುವಾಗ ಗುಂಡಿ ನೋಡಿ, ಮುಚ್ಚಿದ ಗುಂಡಿಯೂ ಇದೆಯೇ ಎಂದು ಮನೆಯ ಹೆಂಗಸರನ್ನು ಕೇಳಿ. ಜನ ಬೈದರೆ ಬೈದದ್ದನ್ನು ಬೈದ ಹಾಗೆಯೇ ಬರೆದುಕೊಳ್ಳಿ, ಜಾಗ ಸಾಲದಿದ್ದರೆ ಇನ್ನೊಂದು ಹಾಳೆ ಅಂಟಿಸಿ. ನೀವು ಕಳಿಸುವ ಪ್ರತಿಗಳಲ್ಲಿ ಎಲ್ಲಕ್ಕಿಂತ ಮಸುಕಾದದ್ದು ಯಾವುದೋ ಅದನ್ನು ಮೊದಲು ಓದಿ. ತೀರ್ಮಾನ ಮಾಡುವವರ ಕೈಗೆ ಹೋಗುವುದು ಅದೇ. ನಿಮ್ಮ ತಪ್ಪು ಸಿಕ್ಕಿದ ದಿನವೇ ಒಂದು ಸಾಲು ಬರೆದು ಸಹಿ ಹಾಕಿಬಿಡಿ, ಮನೆಗೆ ಹೋಗಿ ಯೋಚಿಸಬೇಡಿ. ಯೋಚಿಸಿದರೆ ಉಪಾಯ ಹೊಳೆಯುತ್ತದೆ. ಹಾರೋರ ಸಹಿ ಕೇಳಲು ಹೋಗಲೇಬೇಡಿ, ಅವರು ಶುಭ ಕೋರಿಬಿಡುತ್ತಾರೆ.

ಸತ್ತವರನ್ನು ಸತ್ತರು ಎಂದೇ ಬರೆಯಿರಿ, ಮರ್ಯಾದೆ ಕಡಿಮೆಯಾಗುವುದಿಲ್ಲ. ಒಡೆದವನ ಹೆಸರು ಬರೆದು ಮುಂದೆ ‘ಒಡೆದನು’ ಎಂದು ಬರೆಯಿರಿ. ಅಲ್ಲಿಗೆ ವಾಕ್ಯ ನಿಲ್ಲಿಸಿ. ಪೆನ್ನು ಒತ್ತಿ ಬರೆಯಿರಿ.